ಸ್ಪರ್ಧೆಯಲ್ಲಿ ಸೋತ ಕಾದಂಬರಿ ಜಗತ್ತು ಸುತ್ತಿದ ಕಥೆ: ಏನಿದು ಓದುಗರೇ ನಡೆಸುವ ಎಸ್‌ಪಿಎಫ್‌ಬಿಒ?

ಜೋಸೈಯಾ ಬ್ಯಾನ್‌ಕ್ರಾಫ್ಟ್ ಎಂಬ ಅಮೆರಿಕದ ಲೇಖಕ 2013ರಲ್ಲಿ 'ಸೆನ್ಲಿನ್ ಅಸೆಂಡ್ಸ್' ಎಂಬ ಫ್ಯಾಂಟಸಿ ಕಾದಂಬರಿಯನ್ನು ತಾವೇ ಪ್ರಕಟಿಸಿದರು. ದೊಡ್ಡ ಪ್ರಕಾಶಕರ ಬೆಂಬಲವಿಲ್ಲ, ಜಾಹೀರಾತಿಲ್ಲ. ಓದಿದವರು ಮೆಚ್ಚಿದರೂ ಓದಿದವರ ಸಂಖ್ಯೆ ಕಡಿಮೆಯೇ ಇತ್ತು. 2016ರಲ್ಲಿ ಅವರು ಈ ಪುಸ್ತಕವನ್ನು ಆನ್‌ಲೈನ್ ಸ್ಪರ್ಧೆಯೊಂದಕ್ಕೆ ಕಳಿಸಿದರು. ಅಲ್ಲಿ ಅದು ಅಂತಿಮ ಸುತ್ತಿಗೂ ಬರಲಿಲ್ಲ.

ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಸ್ಪರ್ಧೆಯ ನೆಪದಲ್ಲಿ ಪುಸ್ತಕ ಓದಿದವರು ಸುಮ್ಮನಿರಲಿಲ್ಲ. ಸ್ಪರ್ಧೆಯ ಸಂಘಟಕರೇ ಅದನ್ನು ಓದಿ, ಮನಸಾರೆ ಹೊಗಳಿ ವಿಮರ್ಶೆ ಬರೆದರು. ಒಬ್ಬರಿಂದ ಒಬ್ಬರಿಗೆ ಸುದ್ದಿ ಹರಡಿತು. 2018ರಲ್ಲಿ ಫ್ಯಾಂಟಸಿ ಪುಸ್ತಕಗಳಿಗೆ ಹೆಸರಾದ 'ಆರ್ಬಿಟ್' ಪ್ರಕಾಶನ ಅದೇ ಕಾದಂಬರಿಯನ್ನು ಮತ್ತೆ ಹೊರತಂದಿತು. 2021ರ ಹೊತ್ತಿಗೆ ನಾಲ್ಕು ಪುಸ್ತಕಗಳ 'ಬುಕ್ಸ್ ಆಫ್ ಬೇಬೆಲ್' ಸರಣಿ ಪೂರ್ಣಗೊಂಡಿತು.

ಆ ಸ್ಪರ್ಧೆಯೇ ಎಸ್‌ಪಿಎಫ್‌ಬಿಒ. ಓದುಗರ ವಿಮರ್ಶೆಗೆ ನಿಜವಾಗಿಯೂ ಎಷ್ಟು ತೂಕವಿದೆ ಎಂದು ತಿಳಿಯಬೇಕಾದರೆ ಇದರ ಬಗ್ಗೆ ತಿಳಿದುಕೊಳ್ಳಲೇಬೇಕು.

ಶುರುವಾಗಿದ್ದು ಹೇಗೆ?

'ಸೆಲ್ಫ್ ಪಬ್ಲಿಷ್ಡ್ ಫ್ಯಾಂಟಸಿ ಬ್ಲಾಗ್ ಆಫ್' ಎಂಬುದು ಎಸ್‌ಪಿಎಫ್‌ಬಿಒದ ಪೂರ್ಣ ರೂಪ. 2015ರಲ್ಲಿ ಇದನ್ನು ಆರಂಭಿಸಿದವರು ಮಾರ್ಕ್ ಲಾರೆನ್ಸ್. ಬ್ರಿಟನ್‌ನಲ್ಲಿ ನೆಲೆಸಿರುವ ಲಾರೆನ್ಸ್ ಮೂಲತಃ ವಿಜ್ಞಾನಿ. 2011ರಲ್ಲಿ ಬಂದ 'ಪ್ರಿನ್ಸ್ ಆಫ್ ಥಾರ್ನ್ಸ್' ಕಾದಂಬರಿಯಿಂದ ಫ್ಯಾಂಟಸಿ ಓದುಗರಿಗೆ ಚಿರಪರಿಚಿತರಾದವರು.

ಇ-ಪುಸ್ತಕಗಳು ಬಂದ ಮೇಲೆ ಯಾರು ಬೇಕಾದರೂ ತಮ್ಮ ಕಾದಂಬರಿಯನ್ನು ತಾವೇ ಪ್ರಕಟಿಸಬಹುದಾಯಿತು. ಇದರಿಂದ ಅನುಕೂಲವಾದಂತೆಯೇ ಒಂದು ತೊಡಕೂ ಎದುರಾಯಿತು. ರಾಶಿ ರಾಶಿ ಪುಸ್ತಕಗಳ ನಡುವೆ ಒಳ್ಳೆಯದನ್ನು ಹುಡುಕುವುದು ಹೇಗೆ? ಪ್ರಕಾಶನ ಸಂಸ್ಥೆಯಲ್ಲಾದರೆ ಸಂಪಾದಕರು ಈ ಕೆಲಸ ಮಾಡುತ್ತಾರೆ. ಸ್ವಯಂ ಪ್ರಕಟಿತ ಪುಸ್ತಕಗಳಿಗೆ ಅಂಥವರಿಲ್ಲ. ಆ ಕೆಲಸವನ್ನು ಓದುಗರಿಗೇ ಒಪ್ಪಿಸಿ ನೋಡೋಣ ಎಂಬ ಯೋಚನೆಯಿಂದ ಸ್ಪರ್ಧೆ ಹುಟ್ಟಿತು.

300 ಪುಸ್ತಕ, 10 ತಂಡ, ಒಬ್ಬರೇ ವಿಜೇತರು

ಸ್ಪರ್ಧೆಯ ಲೆಕ್ಕಾಚಾರ ಸರಳ.

* ಸಾಮಾನ್ಯವಾಗಿ 300 ಕಾದಂಬರಿಗಳನ್ನು ಸ್ಪರ್ಧೆಗೆ ತೆಗೆದುಕೊಳ್ಳಲಾಗುತ್ತದೆ. ಪ್ರವೇಶ ಶುಲ್ಕವಿಲ್ಲ.
* ಇಂಗ್ಲಿಷ್‌ನಲ್ಲಿ ಲೇಖಕರೇ ಪ್ರಕಟಿಸಿದ ಫ್ಯಾಂಟಸಿ ಕಾದಂಬರಿಯಾಗಿರಬೇಕು. ಬಿಡಿ ಕಾದಂಬರಿ ಅಥವಾ ಸರಣಿಯ ಮೊದಲ ಪುಸ್ತಕವಾಗಿರಬೇಕು. ಒಬ್ಬರಿಗೆ ಒಂದೇ ಪುಸ್ತಕಕ್ಕೆ ಅವಕಾಶ.
* ಪುಸ್ತಕಗಳನ್ನು 10 ವಿಮರ್ಶಕ ತಂಡಗಳಿಗೆ ತಲಾ 30ರಂತೆ ಹಂಚಲಾಗುತ್ತದೆ.
* ಪ್ರತಿ ತಂಡ ತನ್ನ ಪಾಲಿನ 30ರಲ್ಲಿ ಒಂದನ್ನು ಮಾತ್ರ ಅಂತಿಮ ಸುತ್ತಿಗೆ ಆರಿಸಬೇಕು.
* ಅಂತಿಮ ಸುತ್ತಿನ 10 ಪುಸ್ತಕಗಳನ್ನು ಹತ್ತೂ ತಂಡಗಳು ಓದಿ, ವಿಮರ್ಶೆ ಬರೆದು, ಹತ್ತಕ್ಕೆ ಇಷ್ಟೆಂದು ಅಂಕ ನೀಡುತ್ತವೆ. ಸರಾಸರಿ ಅಂಕ ಹೆಚ್ಚಿರುವ ಪುಸ್ತಕ ಗೆಲ್ಲುತ್ತದೆ.

ಇಡೀ ಪ್ರಕ್ರಿಯೆಗೆ ಹೆಚ್ಚುಕಡಿಮೆ ಒಂದು ವರ್ಷ ಬೇಕು. ತೀರ್ಪುಗಾರರು ಪ್ರಾಧ್ಯಾಪಕರೂ ಅಲ್ಲ, ವೃತ್ತಿಪರ ವಿಮರ್ಶಕರೂ ಅಲ್ಲ. ಓದುವ ಹುಚ್ಚು ಹಿಡಿಸಿಕೊಂಡು, ಕೆಲಸ ಮುಗಿಸಿ ಬಂದ ಮೇಲೆ ಸಿಕ್ಕ ಬಿಡುವಿನಲ್ಲಿ ಓದಿ ಬರೆಯುವವರು. ಇದಕ್ಕೆ ಸಂಭಾವನೆಯೂ ಇಲ್ಲ. ಗೆದ್ದ ಲೇಖಕರಿಗೂ ದೊಡ್ಡ ಮೊತ್ತದ ಚೆಕ್ ಸಿಗುವುದಿಲ್ಲ. ಸಿಗುವುದು 'ಸೆಲ್ಫಿ ಸ್ಟಿಕ್' ಎಂಬ ತಮಾಷೆಯ ಹೆಸರಿನ ಟ್ರೋಫಿ ಮಾತ್ರ. ಟ್ರೋಫಿಗಿಂತ ಹೆಚ್ಚು ಬೆಲೆಬಾಳುವುದು ಅಂತಿಮ ಸುತ್ತಿಗೆ ಬಂದ ಪ್ರತಿಯೊಂದು ಪುಸ್ತಕಕ್ಕೆ ಸಿಗುವ ಹತ್ತು ಪ್ರಾಮಾಣಿಕ ವಿಮರ್ಶೆಗಳು.

ಗೆದ್ದ ಪುಸ್ತಕಗಳು ಯಾವುವು?

ಮೊದಲ ಒಂಬತ್ತು ಆವೃತ್ತಿಗಳ ವಿಜೇತರ ಪಟ್ಟಿ ಇಲ್ಲಿದೆ. ಆವರಣದಲ್ಲಿರುವುದು ಸ್ಪರ್ಧೆ ಆರಂಭವಾದ ವರ್ಷ.

* 'ದಿ ಥೀಫ್ ಹೂ ಪುಲ್ಡ್ ಆನ್ ಟ್ರಬಲ್ಸ್ ಬ್ರೇಡ್ಸ್' - ಮೈಕೆಲ್ ಮೆಕ್‌ಕ್ಲಂಗ್ (2015)
* 'ದಿ ಗ್ರೇ ಬಾಸ್ಟರ್ಡ್ಸ್' - ಜೊನಾಥನ್ ಫ್ರೆಂಚ್ (2016)
* 'ವೇರ್ ಲಾಯಲ್ಟೀಸ್ ಲೈ' - ರಾಬ್ ಜೆ. ಹೇಯ್ಸ್ (2017)
* 'ಆರ್ಕನಾಮಿಕ್ಸ್' - ಜೆ. ಜಕಾರಿ ಪೈಕ್ (2018)
* 'ದಿ ಸ್ವೋರ್ಡ್ ಆಫ್ ಕೈಗೆನ್' - ಎಂ.ಎಲ್. ವಾಂಗ್ (2019)
* 'ದಿ ಲಾಸ್ಟ್ ವಾರ್' - ಜಸ್ಟಿನ್ ಲೀ ಆ್ಯಂಡರ್ಸನ್ (2020)
* 'ರೇನ್ ಆ್ಯಂಡ್ ರೂಯಿನ್' - ಜೆ.ಡಿ. ಇವಾನ್ಸ್ (2021)
* 'ಸ್ಮಾಲ್ ಮಿರಾಕಲ್ಸ್' - ಒಲಿವಿಯಾ ಆ್ಯಟ್‌ವಾಟರ್ (2022)
* 'ಮರ್ಡರ್ ಅಟ್ ಸ್ಪಿಂಡಲ್ ಮ್ಯಾನರ್' - ಮಾರ್ಗನ್ ಸ್ಟಾಂಗ್ (2023)

ಫ್ಯಾಂಟಸಿ ಎಂದರೆ ಕತ್ತಿ, ಡ್ರ್ಯಾಗನ್ ಮಾತ್ರ ಎಂದುಕೊಂಡವರಿಗೆ ಈ ಪಟ್ಟಿ ಅಚ್ಚರಿ ತರಬಹುದು. 'ಆರ್ಕನಾಮಿಕ್ಸ್'ನಲ್ಲಿ ವೀರರು ರಾಕ್ಷಸರನ್ನು ಕೊಂದು ತರುವ ಲೂಟಿಯ ಮೇಲೆ ಹೂಡಿಕೆದಾರರು ಹಣ ಹಾಕುತ್ತಾರೆ. ಷೇರುಪೇಟೆಯ ಬಲ್ಲವರಿಗೆ ನಗು ತರಿಸುವ ವಿಡಂಬನೆ ಇದು. 'ಸ್ವೋರ್ಡ್ ಆಫ್ ಕೈಗೆನ್'ನ ಮುಖ್ಯ ಪಾತ್ರ ತನ್ನ ಹಳೆಯ ಯೋಧ ಜೀವನವನ್ನು ಬಚ್ಚಿಟ್ಟು ಸಂಸಾರ ನಡೆಸುವ ಗೃಹಿಣಿ. 'ಮರ್ಡರ್ ಅಟ್ ಸ್ಪಿಂಡಲ್ ಮ್ಯಾನರ್' ಹೆಸರೇ ಹೇಳುವಂತೆ ಕೊಲೆ ರಹಸ್ಯದ ಕಥೆ.

ಗೆದ್ದವರ ದಾರಿಯೂ ಬದಲಾಗಿದೆ. 'ದಿ ಗ್ರೇ ಬಾಸ್ಟರ್ಡ್ಸ್' 2018ರಲ್ಲಿ ದೊಡ್ಡ ಪ್ರಕಾಶಕರ ಮೂಲಕ ಮರುಪ್ರಕಟವಾಯಿತು. 'ದಿ ಲಾಸ್ಟ್ ವಾರ್' ಕೂಡ ಮುಂದೆ ಆರ್ಬಿಟ್ ಪಾಲಾಯಿತು. ಎಂ.ಎಲ್. ವಾಂಗ್ ಸ್ವಂತವಾಗಿ ಪ್ರಕಟಿಸಿದ್ದ ಮತ್ತೊಂದು ಕಾದಂಬರಿ 'ಬ್ಲಡ್ ಓವರ್ ಬ್ರೈಟ್ ಹೇವನ್' ಅನ್ನು 2024ರಲ್ಲಿ ಡೆಲ್ ರೇ ಹೊರತಂದಿತು. ಇದೇ ಮಾದರಿಯಲ್ಲಿ 'ವೂಲ್' ಖ್ಯಾತಿಯ ಹ್ಯೂ ಹೋವಿ 2021ರಲ್ಲಿ ಸ್ವಯಂ ಪ್ರಕಟಿತ ವೈಜ್ಞಾನಿಕ ಕಾದಂಬರಿಗಳಿಗೂ ಒಂದು ಸ್ಪರ್ಧೆ ಆರಂಭಿಸಿದರು.

ಸೋತ ಪುಸ್ತಕ ಗೆದ್ದಿದ್ದು ಹೇಗೆ?

ಮತ್ತೆ 'ಸೆನ್ಲಿನ್ ಅಸೆಂಡ್ಸ್'ಗೆ ಬರೋಣ. ಸ್ಪರ್ಧೆಯ ನಿಯಮವನ್ನು ಗಮನಿಸಿದರೆ ಅದರ ಮಿತಿಯೂ ಅರ್ಥವಾಗುತ್ತದೆ. ಒಂದೇ ತಂಡದ ಪಾಲಿಗೆ ಎರಡು ಉತ್ತಮ ಪುಸ್ತಕಗಳು ಬಂದರೆ ಒಂದು ಹೊರಗುಳಿಯಲೇಬೇಕು. ಇನ್ನೊಂದು ತಂಡಕ್ಕೆ ಹಂಚಿಕೆಯಾಗಿದ್ದರೆ ಅದೇ ಪುಸ್ತಕ ಫೈನಲ್ ತಲುಪಬಹುದಿತ್ತು. ಅಂದರೆ ಇಲ್ಲಿ ಅದೃಷ್ಟದ ಪಾಲೂ ಇದೆ. ಅಂಕ, ಸ್ಥಾನಗಳು ಪೂರ್ತಿ ನ್ಯಾಯ ಒದಗಿಸಲಾರವು.

ಆದರೆ ವಿಮರ್ಶೆಗೆ ಆ ಮಿತಿಯಿಲ್ಲ. ಪುಸ್ತಕ ಸ್ಪರ್ಧೆಯಿಂದ ಹೊರಬಿದ್ದ ಮೇಲೂ ಅದರ ಬಗ್ಗೆ ಬರೆದದ್ದು ಉಳಿಯುತ್ತದೆ, ಮುಂದಿನ ಓದುಗರಿಗೆ ಸಿಗುತ್ತದೆ. ಬ್ಯಾನ್‌ಕ್ರಾಫ್ಟ್ ವಿಷಯದಲ್ಲಿ ಆಗಿದ್ದೂ ಇದೇ. ಅವರ ಪುಸ್ತಕವನ್ನು ಮೇಲೆತ್ತಿದ್ದು ಅಂಕವಲ್ಲ, ಓದಿದವರ ಮಾತು.

ಕಾದಂಬರಿಯ ಕಥೆಯಲ್ಲೂ ಇದಕ್ಕೆ ಹೊಂದುವ ಒಂದು ಎಳೆ ಇದೆ. ಶಾಲೆಯೊಂದರ ಮುಖ್ಯೋಪಾಧ್ಯಾಯ ಥಾಮಸ್ ಸೆನ್ಲಿನ್ ಹೊಸ ಹೆಂಡತಿಯೊಂದಿಗೆ ಬೇಬೆಲ್ ಗೋಪುರ ನೋಡಲು ಬರುತ್ತಾನೆ. ಗೋಪುರದ ಬುಡದ ಸಂತೆಯ ನೂಕುನುಗ್ಗಲಿನಲ್ಲಿ ಹೆಂಡತಿ ಕಳೆದುಹೋಗುತ್ತಾಳೆ. ಅವಳನ್ನು ಹುಡುಕುತ್ತ ಒಂದೊಂದೇ ಅಂತಸ್ತು ಏರುವ ಅವನ ಕೈಯಲ್ಲಿರುವುದು ಗೋಪುರವನ್ನು ಹಾಡಿಹೊಗಳುವ ಒಂದು ಪ್ರವಾಸಿ ಕೈಪಿಡಿ. ಆ ಪುಸ್ತಕ ಹೇಳುವುದಕ್ಕೂ ಕಣ್ಣೆದುರಿಗೆ ಇರುವುದಕ್ಕೂ ತಾಳೆಯೇ ಆಗುವುದಿಲ್ಲ. ಹೊಗಳಿಕೆಯನ್ನಷ್ಟೇ ತುಂಬಿಕೊಂಡ ವಿಮರ್ಶೆಯನ್ನು ನಂಬಿ ಪುಸ್ತಕ ಕೊಂಡವರ ಪಾಡೂ ಇದೇ.

ನಂಬಿಕೆ ಕೆಟ್ಟಾಗ ಏನಾಗುತ್ತದೆ?

ಈ ಸ್ಪರ್ಧೆಗೂ ಮುಜುಗರದ ಪ್ರಸಂಗ ತಪ್ಪಿಲ್ಲ. ಕಾದಂಬರಿಗಳ ಜೊತೆಗೆ ಉತ್ತಮ ಮುಖಪುಟಕ್ಕೂ ಇಲ್ಲಿ ಪ್ರತ್ಯೇಕ ಸ್ಪರ್ಧೆ ಇತ್ತು. 2023ರಲ್ಲಿ ಗೆದ್ದ ಮುಖಪುಟದಲ್ಲಿ ಕೃತಕ ಬುದ್ಧಿಮತ್ತೆ ಬಳಸಿ ರಚಿಸಿದ ಚಿತ್ರಗಳಿದ್ದವು ಎಂಬುದನ್ನು ಆನ್‌ಲೈನ್ ಓದುಗರು ಪತ್ತೆ ಹಚ್ಚಿದರು. ವಿವಾದದ ಬಳಿಕ ಲಾರೆನ್ಸ್ ಮುಖಪುಟ ಸ್ಪರ್ಧೆಯನ್ನೇ ನಿಲ್ಲಿಸಿದರು.

ಅದೇ ವರ್ಷ ಡಿಸೆಂಬರ್‌ನಲ್ಲಿ ಇದಕ್ಕೆ ಸಂಬಂಧವಿಲ್ಲದ ಇನ್ನೊಂದು ಪ್ರಕರಣ ನಡೆಯಿತು. ಅಮೆರಿಕದ ಚೊಚ್ಚಲ ಫ್ಯಾಂಟಸಿ ಲೇಖಕರೊಬ್ಬರು ಗುಡ್‌ರೀಡ್ಸ್‌ನಲ್ಲಿ ನಕಲಿ ಖಾತೆಗಳನ್ನು ತೆರೆದು ಇತರ ಲೇಖಕರ ಪುಸ್ತಕಗಳಿಗೆ ಒಂದೇ ನಕ್ಷತ್ರ ಕೊಟ್ಟಿದ್ದು ಬಯಲಾಯಿತು. ಪ್ರಕಾಶಕರು ಅವರ ಕಾದಂಬರಿಯನ್ನೇ ಕೈಬಿಟ್ಟರು.

ಬಹುಮಾನ ಕೊಟ್ಟು ವಿಮರ್ಶೆ ಬರೆಸಬಹುದೇ?

ಜನಪ್ರಿಯ ಕಾದಂಬರಿಗಳಿಗೆ 'ವಿಮರ್ಶೆ ಬರೆಯಿರಿ, ಬಹುಮಾನ ಗೆಲ್ಲಿ' ಎಂಬ ಸ್ಪರ್ಧೆಗಳು ಸಾಮಾನ್ಯ. ಇವು ತಪ್ಪೇನಲ್ಲ. ಆದರೆ ಹೊಗಳಿದರೆ ಮಾತ್ರ ಬಹುಮಾನ ಎಂಬ ಷರತ್ತು ಇರಬಾರದು. ಅಮೆರಿಕದಲ್ಲಿ 2024ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ಫೆಡರಲ್ ಟ್ರೇಡ್ ಕಮಿಷನ್ ನಿಯಮ ಇಂಥ ಷರತ್ತನ್ನು ನಿಷೇಧಿಸಿದೆ. ಅಮೆಜಾನ್ ಕೂಡ ಉಚಿತ ಪ್ರತಿ ಕೊಡಲು ಲೇಖಕರಿಗೆ ಅವಕಾಶ ನೀಡುತ್ತದೆ, ಆದರೆ ಅದಕ್ಕೆ ಪ್ರತಿಯಾಗಿ ವಿಮರ್ಶೆ ಬರೆಯಲೇಬೇಕೆಂದು ಒತ್ತಾಯಿಸುವಂತಿಲ್ಲ.

ಭಾರತದಲ್ಲಿ ಭಾರತೀಯ ಮಾನಕ ಬ್ಯೂರೋ 2022ರ ನವೆಂಬರ್‌ನಲ್ಲಿ ಐಎಸ್ 19000:2022 ಎಂಬ ಮಾನದಂಡವನ್ನು ಹೊರತಂದಿದೆ. ಆನ್‌ಲೈನ್ ವಿಮರ್ಶೆಗಳನ್ನು ಹೇಗೆ ಸಂಗ್ರಹಿಸಬೇಕು, ಹೇಗೆ ಪ್ರಕಟಿಸಬೇಕು ಎಂಬುದನ್ನು ಅದು ಹೇಳುತ್ತದೆ. ದುಡ್ಡು ಕೊಟ್ಟು ಬರೆಸಿದ ವಿಮರ್ಶೆಗಳಿಗೆ ಅದರಲ್ಲಿ ಜಾಗವಿಲ್ಲ. ಇದನ್ನು ಜಾರಿಗೆ ತಂದಾಗ ಕಡ್ಡಾಯ ಮಾಡಿರಲಿಲ್ಲ, ಸ್ವಯಂಪ್ರೇರಿತವಾಗಿ ಪಾಲಿಸಲು ಬಿಡಲಾಗಿತ್ತು.

ನೀವೂ ವಿಮರ್ಶೆ ಬರೆಯುವುದಾದರೆ

ಅನುಭವಿ ವಿಮರ್ಶಕರು ಪಾಲಿಸುವ ಕೆಲವು ಸರಳ ಸೂತ್ರಗಳಿವು.

* ಕಥೆಯನ್ನು ಎರಡು ಮೂರು ಸಾಲಿಗೆ ಮುಗಿಸಿ. ತಿರುವುಗಳನ್ನು ಬಿಟ್ಟುಕೊಡಬೇಡಿ.
* 'ಸೂಪರ್', 'ಬೋರ್' ಎಂದು ಬಿಡುವ ಬದಲು ಯಾವ ಪಾತ್ರ, ಯಾವ ಸನ್ನಿವೇಶ ಹಾಗನ್ನಿಸಿತು ಎಂದು ಹೇಳಿ.
* ಪುಸ್ತಕವನ್ನು ಪೂರ್ತಿ ಓದದಿದ್ದರೆ ಎಲ್ಲಿ ನಿಲ್ಲಿಸಿದಿರಿ, ಏಕೆ ಎಂದು ತಿಳಿಸಿ.
* ಯಾರಿಗೆ ಹಿಡಿಸಬಹುದು, ಯಾರಿಗೆ ಹಿಡಿಸದು ಎಂಬ ಒಂದು ಸಾಲು ಇರಲಿ. ನಿಮಗೆ ಇಷ್ಟವಾಗದ್ದು ಇನ್ನೊಬ್ಬರಿಗೆ ಇಷ್ಟವಾಗಬಹುದು.
* ಪುಸ್ತಕ ಉಚಿತವಾಗಿ ಬಂದಿದ್ದರೆ ಅಥವಾ ಲೇಖಕರು ಪರಿಚಿತರಾಗಿದ್ದರೆ ಮುಚ್ಚಿಡಬೇಡಿ.
* ಟೀಕೆ ಪುಸ್ತಕದ ಮೇಲಿರಲಿ, ಬರೆದವರ ಮೇಲೆ ಬೇಡ.

ಕನ್ನಡ ಓದುಗರಿಗೇನು?

ಪ್ರಕಾಶಕರು ಬೇಡವೆಂದ ಪುಸ್ತಕವನ್ನು ಓದುಗರು ಎತ್ತಿಹಿಡಿದ ಉದಾಹರಣೆ ನಮ್ಮಲ್ಲೂ ಇದೆ. ಮುಂಬೈನ ಅಮೀಶ್ ತ್ರಿಪಾಠಿ ಅವರ 'ದಿ ಇಮ್ಮಾರ್ಟಲ್ಸ್ ಆಫ್ ಮೆಲೂಹ' ಹಲವು ಪ್ರಕಾಶಕರ ನಿರಾಕರಣೆಯ ನಂತರ 2010ರಲ್ಲಿ ಬೆಳಕು ಕಂಡು, ಆಮೇಲೆ ಲಕ್ಷಾಂತರ ಪ್ರತಿ ಮಾರಾಟವಾಯಿತು.

ಎಸ್‌ಪಿಎಫ್‌ಬಿಒ ಇಂಗ್ಲಿಷ್ ಪುಸ್ತಕಗಳಿಗೆ ಸೀಮಿತ. ಆದರೆ 2014ರಲ್ಲಿ ಬೆಂಗಳೂರಿನಲ್ಲಿ ಶುರುವಾದ 'ಪ್ರತಿಲಿಪಿ'ಯಂಥ ತಾಣಗಳಲ್ಲಿ ಕನ್ನಡದಲ್ಲೇ ಕಥೆ, ಧಾರಾವಾಹಿಗಳನ್ನು ಬರೆದು ಪ್ರಕಟಿಸುವವರಿದ್ದಾರೆ. ಅಲ್ಲಿ ಓದುಗರು ರೇಟಿಂಗ್ ಕೊಡಬಹುದು, ಅನಿಸಿಕೆ ಬರೆಯಬಹುದು. ಪುಣೆಯಲ್ಲೋ ದೆಹಲಿಯಲ್ಲೋ ಇದ್ದು, ಕನ್ನಡ ಪುಸ್ತಕದ ಅಂಗಡಿ ಹತ್ತಿರವಿಲ್ಲದವರಿಗೂ ಇವು ಮೊಬೈಲ್‌ನಲ್ಲೇ ಸಿಗುತ್ತವೆ.

ಹೊಸ ಲೇಖಕರ ಕಥೆಯ ಕೆಳಗೆ ಬರುವ 'ಚೆನ್ನಾಗಿದೆ', 'ಮುಂದುವರಿಸಿ' ಎಂಬ ಮಾತುಗಳು ಅವರಿಗೆ ಖುಷಿ ಕೊಡುತ್ತವೆ. ಯಾವ ಭಾಗ ಹಿಡಿಸಿತು, ಎಲ್ಲಿ ಓದು ನಿಂತಿತು ಎಂದು ಬರೆದ ನಾಲ್ಕು ಸಾಲು ಮುಂದಿನ ಕಥೆಗೆ ದಾರಿ ತೋರಿಸುತ್ತವೆ, ಅದನ್ನು ಓದಬೇಕೋ ಬೇಡವೋ ಎಂದು ಯೋಚಿಸುತ್ತಿರುವ ಇನ್ನೊಬ್ಬ ಓದುಗರಿಗೂ ನೆರವಾಗುತ್ತವೆ.