ಒಡೆಯುವ ಮನೆಗೆ ಆಸರೆ

ವಿವಾಹವನ್ನು ನೆರವೇರಿಸಿದ ಗುರುವಿನ ಹೊಣೆ ಮಂಗಲವಿಧಿಯೊಂದಿಗೆ ಮುಗಿಯುವುದೇ? ಈ ಪ್ರಶ್ನೆಗೆ ಇಂಗ್ಲೆಂಡಿನ ಇತಿಹಾಸದಲ್ಲಿ ಮನನೀಯವಾದ ಉತ್ತರವೊಂದಿದೆ.

1938ರಲ್ಲಿ ಹರ್ಬರ್ಟ್ ಗ್ರೇ ಎಂಬ ಪ್ರೆಸ್ಬಿಟೀರಿಯನ್ ಪಾದ್ರಿಗಳು ವೈದ್ಯರೇ ಮೊದಲಾದ ಸಮಾನಮನಸ್ಕರನ್ನು ಕೂಡಿಸಿಕೊಂಡು ವಿವಾಹ ಮಾರ್ಗದರ್ಶನ ಮಂಡಲಿಯೊಂದನ್ನು ಸ್ಥಾಪಿಸಿದರು. ಅಷ್ಟರಲ್ಲಿಯೇ ಮಹಾಯುದ್ಧ ಬಂದೊದಗಿ ಕಾರ್ಯ ಕುಂಠಿತವಾಯಿತು. ಯುದ್ಧದ ನಡುವೆಯೇ ಮೆಥಡಿಸ್ಟ್ ಪಾದ್ರಿಗಳಾದ ಡೇವಿಡ್ ಮೇಸ್ ಅದಕ್ಕೆ ಮರುಜೀವ ನೀಡಿದರು.

ಅದರ ಅಗತ್ಯ ಎಷ್ಟೆಂಬುದನ್ನು ಕಾಲವೇ ತೋರಿಸಿಕೊಟ್ಟಿತು. 1937ರ ಕಾಯಿದೆಯು ವಿಚ್ಛೇದನದ ಕಾರಣಗಳನ್ನು ವಿಸ್ತರಿಸಿತ್ತು. ಯುದ್ಧವು ಸತಿಪತಿಗಳನ್ನು ವರ್ಷಗಟ್ಟಲೆ ಅಗಲಿಸಿತ್ತು. ಅವಸರದ ಮದುವೆಗಳೂ ಹಲವು ನಡೆದಿದ್ದವು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 1938ರಲ್ಲಿ ಸುಮಾರು 6,000ದಷ್ಟಿದ್ದ ವಿಚ್ಛೇದನಗಳು 1947ರಲ್ಲಿ 60,000ವನ್ನು ಮೀರಿದವು. ಅದೇ ವರ್ಷ ನ್ಯಾಯಮೂರ್ತಿ ಡೆನ್ನಿಂಗ್ ಅವರ ಸಮಿತಿಯು ಇಂತಹ ಸೇವೆಗೆ ಸರ್ಕಾರವು ನೆರವಾಗಬೇಕೆಂದು ಶಿಫಾರಸು ಮಾಡಿತು.

ಮಂಡಲಿಯ ಬಲವಿದ್ದುದು ಸ್ವಯಂಸೇವಕರಲ್ಲಿ. ಆಯ್ಕೆಗೊಂಡು ತರಬೇತಿ ಹೊಂದಿದ ಗೃಹಸ್ಥರೂ ಗೃಹಿಣಿಯರೂ ನೊಂದ ದಂಪತಿಗಳ ಮಾತನ್ನು ಆಲಿಸಿ, ಅದರ ಗುಟ್ಟನ್ನು ಕಾಪಾಡುತ್ತಿದ್ದರು. ಮೊದಮೊದಲು ನೀತಿಬೋಧೆಗೆ ಪ್ರಾಧಾನ್ಯವಿತ್ತು. ಬರಬರುತ್ತ, ಬೋಧಿಸುವುದಕ್ಕಿಂತ ಆಲಿಸುವುದೇ ಹಿರಿದೆಂಬ ಅರಿವು ಮೂಡಿತು. ದಂಪತಿಗಳು ತಮ್ಮ ದಾರಿಯನ್ನು ತಾವೇ ಕಂಡುಕೊಳ್ಳುವಂತೆ ನೆರವಾಗುವುದು ಕ್ರಮವಾಯಿತು. 1988ರಲ್ಲಿ ಸಂಸ್ಥೆ ‘ರಿಲೇಟ್’ ಎಂದು ಹೆಸರು ಬದಲಿಸಿಕೊಂಡಿತು.

ನ್ಯಾಯಾಲಯವು ಒಡೆದ ಮನೆಯ ಪಾಲನ್ನು ಹಂಚಬಲ್ಲುದು. ಒಡೆಯುವ ಮುನ್ನ ಆ ಮನೆಯ ಹೊಸ್ತಿಲಿಗೆ ಹೋಗುವವರು ಬೇರೆ ಬೇಕು. ಧರ್ಮಗುರುಗಳು ಆ ಹೊಣೆಯನ್ನು ತಾವೊಬ್ಬರೇ ಹೊರದೆ, ವೈದ್ಯರೊಡನೆಯೂ ನೆರೆಹೊರೆಯವರೊಡನೆಯೂ ಹಂಚಿಕೊಂಡರೆಂಬುದೇ ಈ ಇತಿಹಾಸದ ಸಾರ.