ಹಿಮ್ಮೇಳದ ಲೆಕ್ಕ: ಕನ್ನಡ ಬ್ಯಾಂಡುಗಳು ಕೂಡಿದ್ದು, ಚದುರಿದ್ದು

ಗಂಗಾವತಿಯಲ್ಲಿ ಬ್ಯಾಂಡ್ ಎಂದರೆ ಇಂದಿಗೂ ಮದುವೆಯ ಬ್ಯಾಂಡ್. ಕ್ಲಾರಿಯೊನೆಟ್, ಟ್ರಂಪೆಟ್, ಹೆಗಲಿಗೆ ಬಿಗಿದ ಡ್ರಮ್ಮು, ಜರಿಯಂಚಿನ ಕೋಟು. ಜಾತ್ರೆಯ ರಾತ್ರಿ ವೇದಿಕೆ ಕಟ್ಟಿ ಗಿಟಾರ್, ಕೀಬೋರ್ಡ್, ರಿದಂ ಪ್ಯಾಡ್ ಇಟ್ಟುಕೊಂಡು ಸಿನಿಮಾ ಹಾಡು ಹೇಳಿದರೆ ಅದು ರಸಮಂಜರಿ. ಗುಡಿಯ ಕಟ್ಟೆಯ ಮೇಲೆ ಪೇಟಿ, ತಬಲಾ, ತಾಳ, ದಮ್ಮಡಿ ಹಿಡಿದು ಬೆಳತನಕ ತತ್ವಪದ ಹೇಳಿದರೆ ಅದು ಭಜನಾ ಮೇಳ. ಮೂರಕ್ಕೂ ಮೂರು ಹೆಸರು, ಮೂರಕ್ಕೂ ಬೇರೆ ಬೇರೆ ಜನ. ಆದರೆ ಕನ್ನಡದ ಬ್ಯಾಂಡ್ ಸಂಗೀತದ ಚರಿತ್ರೆ ಹೇಳುವವರು ಈ ಮೂರನ್ನೂ ದಾಟಿ ನೇರ ಬೆಂಗಳೂರಿನ ದಂಡುಪ್ರದೇಶಕ್ಕೆ ಹೋಗಿ ನಿಲ್ಲುತ್ತಾರೆ.

ಆ ಕತೆ ಈಗ ಎಲ್ಲರ ಬಾಯಲ್ಲೂ ಇದೆ. ಇಂಗ್ಲಿಷ್ ರಾಕ್ ಬಂತು, ಬೆಂಗಳೂರಿನ ಹುಡುಗರು ಕಲಿತರು, ಮೇಲೊಂದಿಷ್ಟು ಜಾನಪದದ ಒಗ್ಗರಣೆ ಹಾಕಿದರು, ಕನ್ನಡ ರಾಕ್ ಹುಟ್ಟಿತು. ಕೇಳಲು ಸಲೀಸಾದ ಈ ಕತೆ ತಲೆಕೆಳಗಾಗಿದೆ. ಈ ಬ್ಯಾಂಡುಗಳ ಯಾವ ಹಾಡುಗಳು ಜನರ ನಾಲಿಗೆಯ ಮೇಲೆ ಉಳಿದವೋ ಅವುಗಳಲ್ಲಿ ಹಲವಕ್ಕೆ ಬೇರು ಶಿಶುನಾಳದಲ್ಲಿ, ಮಲೆಮಹದೇಶ್ವರ ಬೆಟ್ಟದಲ್ಲಿ ಇದೆ. ಒಗ್ಗರಣೆ ಗಿಟಾರಿನದು, ಅನ್ನ ಇಲ್ಲಿಯದು.

ಬ್ಲೂಸ್ ರಾಕ್ ಹುಟ್ಟಿದ ಬಗೆಯೂ ಇದಕ್ಕಿಂತ ಬೇರೆಯಲ್ಲ. ಅಮೆರಿಕದ ಮಿಸಿಸಿಪ್ಪಿಯ ಹತ್ತಿಹೊಲಗಳಲ್ಲಿ ದುಡಿಯುತ್ತಿದ್ದ ಕಪ್ಪು ಜನರ ಹಾಡು ಬ್ಲೂಸ್. ಗೋಡೆಗೆ ಒಂದೇ ತಂತಿ ಬಿಗಿದು ಮೀಟುವ ವಾದ್ಯವೂ ಅವರಲ್ಲಿತ್ತು; ನಮ್ಮ ಗೀಗಿ ಪದದವರ ತುಂತುಣಿಯ ದೂರದ ನೆಂಟ ಅನ್ನಬೇಕು. ರಾಬರ್ಟ್ ಜಾನ್ಸನ್ ಎಂಬ ಗಾಯಕ 1936 ಮತ್ತು 1937ರಲ್ಲಿ ಟೆಕ್ಸಾಸಿನಲ್ಲಿ 29 ಹಾಡುಗಳನ್ನು ಮುದ್ರಿಸಿ, ಮರುವರ್ಷ 27ನೇ ವಯಸ್ಸಿಗೆ ತೀರಿಹೋದ. ಮಡ್ಡಿ ವಾಟರ್ಸ್ 1943ರಲ್ಲಿ ಹೊಲ ಬಿಟ್ಟು ಶಿಕಾಗೋ ಸೇರಿ ಗಿಟಾರಿಗೆ ಕರೆಂಟು ಕೊಟ್ಟ. ಅವನ ಒಂದು ಹಾಡಿನಿಂದಲೇ ಲಂಡನ್ನಿನ ರೋಲಿಂಗ್ ಸ್ಟೋನ್ಸ್ ತನ್ನ ಹೆಸರು ಪಡೆಯಿತು. ಸಾಗರದಾಚೆಯ ಬಿಳಿಯ ಹುಡುಗರು ಅದನ್ನೆಲ್ಲ ಗ್ರಾಮಫೋನ್ ತಟ್ಟೆಗಳಲ್ಲಿ ಕೇಳಿ ಕಲಿತರು.

ಆ ಹುಡುಗರ ಬ್ಯಾಂಡುಗಳಲ್ಲಿ ಎದ್ದು ಬಿದ್ದ ಕ್ರೀಂ ತಂಡದ ಕತೆಯನ್ನು ತುಸು ನಿಧಾನವಾಗಿ ನೋಡಬೇಕು. 1966ರ ಜುಲೈಯಲ್ಲಿ ಗಿಟಾರಿನ ಎರಿಕ್ ಕ್ಲಾಪ್ಟನ್, ಬಾಸ್ ಗಿಟಾರಿನ ಜ್ಯಾಕ್ ಬ್ರೂಸ್, ಡ್ರಮ್ಮಿನ ಜಿಂಜರ್ ಬೇಕರ್ ಕೂಡಿದರು. 1968ರ ನವೆಂಬರ್ 26ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಕೊನೆಯ ಕಛೇರಿ ಮುಗಿಸಿದರು. ಕೂಡಿ ನುಡಿಸಿದ್ದು ಎರಡೂವರೆ ವರ್ಷವೂ ಇಲ್ಲ. ಬ್ರೂಸ್ ಮತ್ತು ಬೇಕರ್ ನಡುವೆ ಹಿಂದಿನ ತಂಡದಿಂದಲೇ ಹೊತ್ತು ತಂದ ಹಗೆಯಿತ್ತು. ಸ್ಪೀಕರುಗಳ ಸದ್ದು ಏರುತ್ತ ಹೋದಂತೆ ಒಬ್ಬರ ನುಡಿತ ಇನ್ನೊಬ್ಬರಿಗೆ ಕೇಳದಾಯಿತು. ಒಂದು ಕಛೇರಿಯಲ್ಲಿ ಕ್ಲಾಪ್ಟನ್ ನುಡಿಸುವುದನ್ನೇ ನಿಲ್ಲಿಸಿದರೂ ಉಳಿದಿಬ್ಬರಿಗೆ ಗೊತ್ತಾಗಲಿಲ್ಲವಂತೆ. ಅವರೇ ಹೇಳಿಕೊಂಡ ಮಾತಿದು. ಭಜನಾ ಮೇಳದಲ್ಲಿ ಕೂತವರಿಗೆ ಇದರ ಅರ್ಥ ಬೇಗ ಆಗುತ್ತದೆ. ತಾಳದವನು ಪೇಟಿಯವನ ಮುಖ ನೋಡದ ದಿನ ಮೇಳ ಅಲ್ಲಿಗೆ ಮುಗಿಯಿತು.

ಕ್ರೀಂ ಮಾಡಿದ ಒಂದು ಒಳ್ಳೆಯ ಕೆಲಸ ಅದರ ಗದ್ದಲದಲ್ಲಿ ಮರೆಯಾಗಿದೆ. ಮೊದಲ ಆಲ್ಬಂನಲ್ಲಿ ಅವರು ಸ್ಕಿಪ್ ಜೇಮ್ಸ್ ಎಂಬ ಮುದಿ ಬ್ಲೂಸ್ ಗಾಯಕರ ಹಾಡೊಂದನ್ನು ಅವರ ಹೆಸರು ಹಾಕಿಯೇ ಹಾಡಿದರು. ಕಾಯಿಲೆ ಬಿದ್ದಿದ್ದ ಜೇಮ್ಸ್‌ಗೆ ಆ ರಾಯಧನ ಆಸರೆಯಾಯಿತು. ಲೆಡ್ ಜೆಪ್ಪೆಲಿನ್ ಹಾಗೆ ಮಾಡಲಿಲ್ಲ. ತನ್ನ ಅತಿ ಜನಪ್ರಿಯ ಹಾಡುಗಳಲ್ಲೊಂದರಲ್ಲಿ ವಿಲ್ಲಿ ಡಿಕ್ಸನ್ ಅವರ ಸಾಲುಗಳನ್ನು ಹೆಸರಿಲ್ಲದೆ ಬಳಸಿ, 1985ರಲ್ಲಿ ಡಿಕ್ಸನ್ ದಾವೆ ಹೂಡಿದ ಮೇಲೆ ರಾಜಿಗೆ ಬಂತು.

ಇನ್ನು ಕರ್ನಾಟಕ. ಬೆಂಗಳೂರಿನ ಮೊದಲ ಘಟ್ಟವನ್ನು ಬೇಗ ಹೇಳಿ ಮುಗಿಸಬಹುದು. 1970ರ ದಶಕದ ಆರಂಭದಲ್ಲಿ ಸುರೇಶ್ ಮತ್ತು ರಮೇಶ್ ಶೊಟ್ಟಂ ಸೋದರರು, ಗಾಯಕಿ ರಾಧಾ ಥಾಮಸ್ ಇದ್ದ ಹ್ಯೂಮನ್ ಬಾಂಡೇಜ್ ಅಲ್ಲಿ ದೊಡ್ಡ ಹೆಸರು. ಮುಂದೆ ಪೀಟರ್ ಐಸಾಕ್ ಮುಂದಾಳಾಗಿದ್ದ ಕ್ರಾನಿಕ್ ಬ್ಲೂಸ್ ಸರ್ಕಸ್ ಬಂತು, 1996ರಲ್ಲಿ ಥರ್ಮಲ್ ಅಂಡ್ ಎ ಕ್ವಾರ್ಟರ್ ಬಂತು. ಇವರೆಲ್ಲ ನುರಿತ ವಾದಕರು, ಹಾಡಿದ್ದು ಇಂಗ್ಲಿಷಿನಲ್ಲಿ. ಹ್ಯೂಮನ್ ಬಾಂಡೇಜ್‌ನ ರಮೇಶ್ ಶೊಟ್ಟಂ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನಲ್ಲಿ ತಾಳ ಕಲಿತು ಜರ್ಮನಿಯ ಕಲೋನ್‌ನಲ್ಲಿ ನೆಲೆಸಿದರು. ಬ್ಯಾಂಡ್ ಒಡೆದರೂ ಬ್ಯಾಂಡಿನವನು ಊರಿನ ವಿದ್ಯೆ ಹೊತ್ತು ಹೋದದ್ದಕ್ಕೆ ಅವರು ಮೊದಲ ಸಾಕ್ಷಿ.

ಅದೇ ಕಾಲಕ್ಕೆ ಈ ಕಡೆಯ ಊರುಗಳಿಗೆ ಗಿಟಾರ್ ಬಂದ ದಾರಿ ಬೇರೆ. 1987ರಲ್ಲಿ ಹಂಸಲೇಖರ ಸಂಗೀತದ ‘ಪ್ರೇಮಲೋಕ’ ಚಿತ್ರ ಬಂತು. ಆ ಹಾಡುಗಳನ್ನು ನುಡಿಸಬೇಕೆಂದರೆ ರಸಮಂಜರಿಯವರಿಗೆ ಕೀಬೋರ್ಡು ಬೇಕಾಯಿತು, ಬಾಸ್ ಗಿಟಾರ್ ಬೇಕಾಯಿತು, ಡ್ರಮ್ ಸೆಟ್ ಬೇಕಾಯಿತು. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ ಕೈಗೆ ಬಂದ ಮೇಲೆ ನಡೆಯುವ ಜಾತ್ರೆ, ಉತ್ಸವಗಳಲ್ಲಿ ಈ ತಂಡಗಳಿಗೆ ಕೈತುಂಬ ಕೆಲಸ. ಹಗಲು ಅಂಗಡಿ, ಗಿರಣಿ, ಶಾಲೆಗಳಲ್ಲಿ ದುಡಿದು ರಾತ್ರಿ ಗಿಟಾರ್ ಹಿಡಿದವರ ಒಂದು ತಲೆಮಾರು ಹೀಗೆ ತಯಾರಾಯಿತು. ಕನ್ನಡ ಬ್ಯಾಂಡುಗಳ ಯಾವ ಸಮೀಕ್ಷೆಯೂ ಇವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಪದಗಳ ಕಡೆಯಿಂದ ದಾರಿ ಕಡಿದವರು ಸಿ. ಅಶ್ವತ್ಥ್. ಶಿಶುನಾಳ ಷರೀಫರು (1819–1889) ಗುರು ಗೋವಿಂದಭಟ್ಟರ ನೆರಳಲ್ಲಿ ಹೇಳಿದ ಪದಗಳು ನೂರು ವರ್ಷ ಭಜನಾ ಮೇಳಗಳ ಬಾಯಲ್ಲಿ ಬದುಕಿದ್ದವು. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಚಿತ್ರಕ್ಕೆ ಅಶ್ವತ್ಥ್ ಕೊಟ್ಟ ಸಂಗೀತ ಅವನ್ನು ಹಳೇ ಮೈಸೂರಿನ ಮನೆಮನೆಗೂ ಮುಟ್ಟಿಸಿತು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರ ‘ಕನ್ನಡವೇ ಸತ್ಯ’ಕ್ಕೆ ಜನಸಾಗರ ಸೇರಿತು. ಅದಕ್ಕೆ ಎರಡು ವರ್ಷ ಮೊದಲು ರೋಲಿಂಗ್ ಸ್ಟೋನ್ಸ್ ಹಾಡಿದ್ದೂ ಅದೇ ಮೈದಾನದಲ್ಲಿ. ವಿದ್ಯುತ್ ಗಿಟಾರ್ ಹಿಡಿಯದೆಯೂ ಅಶ್ವತ್ಥ್ ತಮ್ಮ ಒರಟು ಕಂಠದ ಬಲದಿಂದಲೇ ಯಾವ ರಾಕ್ ಗಾಯಕನಿಗೂ ಸಮನಾಗಿ ನಿಂತರು.

ಇಷ್ಟೆಲ್ಲ ಒಂದೆಡೆ ಕೂಡಿದ್ದು ಅಂತರಾಗ್ನಿಯಲ್ಲಿ.

1998ರಲ್ಲಿ ರಘು ದೀಕ್ಷಿತ್ ಮತ್ತು ಪಿಟೀಲಿನ ಎಚ್.ಎನ್. ಭಾಸ್ಕರ್ ಸೇರಿ ಕಟ್ಟಿದ ತಂಡ ಅದು. ರಘು ಮೈಸೂರಿನಲ್ಲಿ ಬೆಳೆದವರು. ಸೂಕ್ಷ್ಮಜೀವಶಾಸ್ತ್ರದಲ್ಲಿ ಚಿನ್ನದ ಪದಕ ಪಡೆದವರು, ಭರತನಾಟ್ಯ ಕಲಿತವರು, ಗಿಟಾರನ್ನು ತಾವೇ ಕಲಿತವರು. ಭಾಸ್ಕರ್ ಅವರದು ಕರ್ನಾಟಕ ಸಂಗೀತದ ಗಟ್ಟಿ ಕಲಿಕೆ. ಈ ಜೋಡಿಯ ಒಳಗುಟ್ಟು ಇರುವುದು ಇಲ್ಲಿಯೇ. ಒಬ್ಬರಿಗೆ ಶಾಸ್ತ್ರದ ಹಂಗಿಲ್ಲ, ಇನ್ನೊಬ್ಬರಿಗೆ ಶಾಸ್ತ್ರ ಬೆರಳ ತುದಿಯಲ್ಲಿ. ಗಿಟಾರ್ ಒಂದೇ ಹೊಡೆತವನ್ನು ಬಿಡದೆ ಹಿಡಿದು ಕೂತರೆ ಪಿಟೀಲು ಅದರ ಮೇಲೆ ಓಡಾಡುತ್ತದೆ. ಏಕತಾರಿಯ ಶ್ರುತಿಯ ಮೇಲೆ ಪದಕಾರನ ಕಂಠ ಏರಿಳಿಯುವುದೂ ಹಾಗೆಯೇ. ಇದನ್ನು ಪಶ್ಚಿಮದ ಫ್ಯೂಷನ್ ಎಂದು ಕರೆದವರಿಗೆ ನಮ್ಮ ಅಮಾವಾಸ್ಯೆಯ ಭಜನೆಯ ಪರಿಚಯವಿದ್ದಂತಿಲ್ಲ.

ತಂಡಕ್ಕೆ ಕೇಳುಗರು ಸಿಕ್ಕರು, ಕ್ಯಾಸೆಟ್ ಕಂಪನಿ ಸಿಗಲಿಲ್ಲ. ವರ್ಷಗಟ್ಟಲೆ ಬಾಗಿಲು ತಟ್ಟಿದ್ದಾಯಿತು. 2000ದ ದಶಕದ ನಡುವಿನಲ್ಲಿ ಅಂತರಾಗ್ನಿ ಚದುರಿತು. ಭಾಸ್ಕರ್ ಶಾಸ್ತ್ರೀಯ ಕಛೇರಿಗಳ ವೇದಿಕೆಯಲ್ಲಿ ನೆಲೆ ಕಂಡರು. ರಘು ಉಳಿದ ಹಾಡುಗಳನ್ನು ಎತ್ತಿಕೊಂಡು ‘ರಘು ದೀಕ್ಷಿತ್ ಪ್ರಾಜೆಕ್ಟ್’ ಕಟ್ಟಿದರು. ಯಾರು ಬೇಕಾದರೂ ಬಂದು ನುಡಿಸಿ ಹೋಗಬಹುದಾದ ತೆರೆದ ಮನೆ ಅದು. ಕೊನೆಗೆ ಮುಂಬೈಯ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಕೈಹಿಡಿದು 2008ರಲ್ಲಿ ಆಲ್ಬಂ ಹೊರತಂದರು. ಅದರ ಮೇಲೆ ಹೊಸ ತಂಡದ ಹೆಸರಿನ ಜೊತೆಗೆ ‘ಅಂತರಾಗ್ನಿ’ ಎಂಬ ಹೆಸರೂ ಇತ್ತು. ಒಡೆದ ತಂಡಕ್ಕೆ ಇಷ್ಟು ಗೌರವ ಸಿಕ್ಕಿದ್ದು ನಮ್ಮಲ್ಲಿ ಅಪರೂಪ. ರಘು ಅವರ ದೊಡ್ಡತನ ಕಾಣುವುದು ಅಲ್ಲಿ.

ಆಲ್ಬಂನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಷರೀಫರ ಎರಡು ಪದಗಳಿವೆ: ಗುಡುಗುಡಿಯ ಪದ, ಸೋರುವ ಮಾಳಿಗೆಯ ಪದ. ಅದೇ ವರ್ಷದ ‘ಸೈಕೋ’ ಚಿತ್ರದಲ್ಲಿ ಮಹದೇಶ್ವರನನ್ನು ಕರೆಯುವ ಅವರ ಹಾಡು ಹಳ್ಳಿಹಳ್ಳಿಯ ಧ್ವನಿವರ್ಧಕಗಳನ್ನು ಹೊಕ್ಕಿತು. 2010ರಲ್ಲಿ ಬ್ರಿಟನ್ನಿನ ಜೂಲ್ಸ್ ಹಾಲೆಂಡ್ ಅವರ ಟಿ.ವಿ. ಕಾರ್ಯಕ್ರಮ, 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವ, ಅದೇ ವರ್ಷ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸ ಕಲಾವಿದ ಪ್ರಶಸ್ತಿ. ಲುಂಗಿ ಉಟ್ಟು, ಗೆಜ್ಜೆ ಕಟ್ಟಿ, ಶಿಶುನಾಳದ ಪದವನ್ನು ಕನ್ನಡದಲ್ಲೇ ಹಾಡಿ, ಕನ್ನಡ ಬಾರದ ಜನರಿಂದ ಸೊಲ್ಲು ಹೇಳಿಸಿದ್ದು ಸಣ್ಣ ಸಾಧನೆಯಲ್ಲ.

ರಘು ಅವರ ತಮ್ಮ ವಾಸು ದೀಕ್ಷಿತ್ ಮುಂದಾಳಾಗಿರುವ ಸ್ವರಾತ್ಮ 2002ರಲ್ಲಿ ಶುರುವಾಯಿತು. 2009ರಲ್ಲಿ ಅದರ ಮೊದಲ ಆಲ್ಬಂ, 2012ರಲ್ಲಿ ‘ಟೋಪಿವಾಲೆ’, 2018ರಲ್ಲಿ ‘ರಾಹ್-ಏ-ಫಕೀರಾ’. ಸೊಂಟಕ್ಕೆ ಬಟ್ಟೆಯ ಕುದುರೆ ಕಟ್ಟಿಕೊಂಡು ವೇದಿಕೆಗೆ ಬರುವ ವಾಸು ನಮ್ಮ ಕೀಲುಕುದುರೆಯವರನ್ನು ನೆನಪಿಸುತ್ತಾರೆ. ಅಣ್ಣನ ತಂಡದಲ್ಲಿ ಕಂಠವೇ ಯಜಮಾನ; ತಮ್ಮನ ತಂಡದಲ್ಲಿ ಬಾಸ್ ಗಿಟಾರಿನ ಜಿಷ್ಣು ದಾಸ್‌ಗುಪ್ತ, ಗಿಟಾರಿನ ವರುಣ್ ಮುರಳಿ ಅವರಿಗೂ ಅಷ್ಟೇ ಮಾತಿದೆ. ರಾಜಕಾರಣ, ನೀರಿನ ಜಗಳಗಳಂಥ ವಿಷಯಗಳನ್ನು ಹಾಡಿಗೆ ತಂದದ್ದರಲ್ಲಿ ಸ್ವರಾತ್ಮ ಒಂದು ಹೆಜ್ಜೆ ಮುಂದೆ. ಹಲವರು ಬಂದು ಹೋದರೂ ತಂಡ ಒಡೆಯದೆ ಇಷ್ಟು ದೂರ ಬಂದಿರುವುದಕ್ಕೆ ಈ ಸಮಪಾಲೇ ಕಾರಣವಿರಬೇಕು.

ಇಲ್ಲಿಯವರೆಗಿನ ಚರಿತ್ರೆ ಸ್ವಚ್ಛವಾಗಿ ಕಾಣುತ್ತದೆ. ಆದರೆ ಮೈಸೂರು, ಬೆಂಗಳೂರು ಬಿಟ್ಟು ಅದು ಈಚೆಗೆ ಬರುವುದೇ ಇಲ್ಲ. ಗಂಗಾವತಿಯಿಂದ ಸ್ವಲ್ಪ ದೂರದ ವಿರುಪಾಪುರ ಗಡ್ಡಿಯಲ್ಲಿ ವರ್ಷಾನುಗಟ್ಟಲೆ ವಿದೇಶಿಯರು ಗಿಟಾರ್ ಮೀಟಿದರು. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ ಅಲ್ಲಿಯ ರೆಸಾರ್ಟುಗಳು ನೆಲಸಮವಾದವು. ಅಷ್ಟೂ ವರ್ಷ ಆನೆಗುಂದಿ, ಸಣಾಪುರದ ಕಡೆ ತತ್ವಪದ, ಮೊಹರಮ್ಮಿನ ರಿವಾಯತ್ ಪದಗಳು ಅದೇ ತುಂಗಭದ್ರೆಯ ಅದೇ ದಡದಲ್ಲಿ ನಡೆದಿದ್ದವು. ಎರಡೂ ಎದುರುಬದುರು ಕೂತು ನುಡಿಸಿದ ಒಂದು ರಾತ್ರಿಯ ಮುದ್ರಣವಾದರೂ ನಮ್ಮ ಕೈಯಲ್ಲಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ಧಾಟಿಯದು. ಷರೀಫರ ಪದವನ್ನು ಯಾರೇ ಹಾಡಲಿ, ಕೊನೆಯ ನುಡಿಯಲ್ಲಿ ಶಿಶುನಾಳಧೀಶನ ಅಂಕಿತ ಬರುತ್ತದೆ, ಕದಿಯಲು ಆಗುವುದಿಲ್ಲ. ಪದಕ್ಕೆ ಅಂಕಿತವಿದೆ, ಧಾಟಿಗೆ ಅಂಕಿತವಿಲ್ಲ. ಆ ಪದವನ್ನು ನೂರು ವರ್ಷ ಕಾಯ್ದ ಪೇಟಿ ಮಾಸ್ತರರು, ಏಕತಾರಿಯವರು, ಸೊಲ್ಲಿಗೆ ಸೊಲ್ಲು ಕೂಡಿಸಿದ ಹಿಮ್ಮೇಳದವರು ಎಲ್ಲೂ ಹೆಸರಾಗಲಿಲ್ಲ. ಕನಕದಾಸ ಅಧ್ಯಯನ ಕೇಂದ್ರ ತತ್ವಪದಗಳನ್ನು ಹತ್ತಾರು ಸಂಪುಟಗಳಲ್ಲಿ ಅಚ್ಚು ಮಾಡಿದ್ದು ದೊಡ್ಡ ಕೆಲಸ. ಸಂಪುಟದಲ್ಲಿ ಸಾಲು ಉಳಿಯುತ್ತದೆ. ಕುಷ್ಟಗಿಯ ಕಡೆಯವರು ಒಂದು ಪದವನ್ನು ಎಲ್ಲಿ ಎಳೆಯುತ್ತಾರೆ, ಯಲಬುರ್ಗಾದವರು ಅದನ್ನೇ ಎಲ್ಲಿ ಕಡಿಯುತ್ತಾರೆ ಎಂಬುದು ಪುಟಕ್ಕೆ ಇಳಿಯುವುದಿಲ್ಲ. ಸ್ಕಿಪ್ ಜೇಮ್ಸ್‌ಗೆ ರಾಯಧನ ಮುಟ್ಟಿದ್ದು ಅವರ ಕಂಠವನ್ನು 1931ರಲ್ಲೇ ಯಾರೋ ತಟ್ಟೆಗೆ ಇಳಿಸಿ, ಮೇಲೆ ಅವರ ಹೆಸರು ಬರೆದಿದ್ದರಿಂದ.

ಈಗಿನ ಘಟ್ಟದಲ್ಲಿ ಬ್ಯಾಂಡುಗಳ ಸದ್ದು ತಗ್ಗಿದೆ. ಬೆಂಗಳೂರಿನಲ್ಲಿ ಚಂದನ್ ಶೆಟ್ಟಿ, ಆಲ್ ಓಕೆ ಅಂಥವರ ರ‍್ಯಾಪ್ ಮುಂದೆ ಬಂದಿದೆ. ಒಬ್ಬನೇ ಹಾಡುಗಾರ, ಒಂದು ಕಂಪ್ಯೂಟರು. ಉತ್ತರ ಕರ್ನಾಟಕದಲ್ಲಿ ಮಾಳು ನಿಪನಾಳ ಅಂಥ ಗಾಯಕರ ಜಾನಪದ ಹಾಡುಗಳು ಯೂಟ್ಯೂಬಿನಲ್ಲಿ ಓಡುತ್ತಿವೆ. ಅವುಗಳ ಹುರುಪನ್ನು ಕೀಳಾಗಿ ಕಾಣುವ ಪಂಡಿತರ ಮಾತು ಒಪ್ಪತಕ್ಕದ್ದಲ್ಲ. ಈ ಕಡೆಯ ಮಾತು ಈ ಕಡೆಯ ಬಾಯಲ್ಲೇ ನಾಡೆಲ್ಲ ಕೇಳಿಸುತ್ತಿರುವುದು ಈಗ. ಆದರೆ ಟ್ರ್ಯಾಕಿಗೆ ಹಾಡುವಲ್ಲಿ ಜೊತೆಗಾರನ ಮುಖ ನೋಡುವ ಹಿಮ್ಮೇಳವಿಲ್ಲ. ಮದುವೆಯ ಬ್ಯಾಂಡಿನವರ ಕೆಲಸವನ್ನೂ ಡಿಜೆ ಗಾಡಿ ಕಸಿದಿದೆ. ಅಂತರಾಗ್ನಿಯಂಥ ತಂಡ ಒಡೆಯಬೇಕಾದರೂ ಮೊದಲು ನಾಲ್ಕು ಜನ ಒಂದು ಕೋಣೆಯಲ್ಲಿ ಕೂಡಬೇಕು. ಆ ಕೂಡುವಿಕೆಯೇ ಕಡಿಮೆಯಾಗುತ್ತಿದೆ.

ಭಜನಾ ಮೇಳಗಳು ಮಾತ್ರ ಇನ್ನೂ ಕೂಡುತ್ತಿವೆ. ಅಮಾವಾಸ್ಯೆಯ ರಾತ್ರಿ ಗುಡಿಯ ಕಟ್ಟೆಯ ಮೇಲೆ ಪೇಟಿಯ ಪಕ್ಕದಲ್ಲಿ ಯಾರೋ ಒಬ್ಬ ಹುಡುಗ ಮೊಬೈಲ್ ಇಟ್ಟು ರೆಕಾರ್ಡ್ ಒತ್ತಿರುತ್ತಾನೆ. ಬೆಳಿಗ್ಗೆ ಆ ಫೈಲಿಗೆ ತಾರೀಕಿನ ಅಂಕಿಗಳೇ ಹೆಸರು. ಅಂಕಿಗಳನ್ನು ಅಳಿಸಿ ಅಲ್ಲಿ ಪದಕಾರನ ಹೆಸರು, ಹಾಡಿದವರ ಹೆಸರು, ಪೇಟಿ ನುಡಿಸಿದವರ ಹೆಸರು, ಊರಿನ ಹೆಸರು ಬರೆಯಲು ಎರಡು ನಿಮಿಷ ಸಾಕು.