ಅಂಕವೂ ಅವಕಾಶವೂ: ವೈನ್‌ಲ್ಯಾಂಡ್ ಮಾಪನ ಭಾರತಕ್ಕೆ ಬಂದ ಬಗೆ

ಫ್ರಾನ್ಸಿನ ಬಿನೆ ಬುದ್ಧಿಪರೀಕ್ಷೆಯನ್ನು ಹೆನ್ರಿ ಗೊಡಾರ್ಡ್ 1908ರಲ್ಲಿ ಅಮೆರಿಕಕ್ಕೆ ತಂದದ್ದು ನ್ಯೂಜೆರ್ಸಿಯಲ್ಲಿ ಬೌದ್ಧಿಕ ನ್ಯೂನತೆಯುಳ್ಳ ಮಕ್ಕಳಿಗಾಗಿ ಇದ್ದ ವೈನ್‌ಲ್ಯಾಂಡ್ ತರಬೇತಿ ಶಾಲೆಗೆ. ಬುದ್ಧ್ಯಂಕವೊಂದರಿಂದಲೇ ಮಗುವಿನ ಅಳತೆ ಮುಗಿಯುವುದಿಲ್ಲ ಎಂಬ ವಾದ ಗಟ್ಟಿಯಾದದ್ದೂ ಅದೇ ಶಾಲೆಯಲ್ಲಿ. ಅಲ್ಲಿನ ಎಡ್ಗರ್ ಡಾಲ್ 1935ರಲ್ಲಿ ಪ್ರಕಟಿಸಿದ ಸಾಮಾಜಿಕ ಪ್ರಬುದ್ಧತಾ ಮಾಪನದ 117 ಅಂಶಗಳು ಊಟ, ಉಡುಗೆ, ಓಡಾಟ, ಮಾತು, ಕೆಲಸಗಳಿಗೆ ಸಂಬಂಧಿಸಿದವು. ಮಗುವನ್ನು ಕೂರಿಸಿ ಪರೀಕ್ಷಿಸುವ ಬದಲು, ಅದನ್ನು ಹತ್ತಿರದಿಂದ ಬಲ್ಲವರನ್ನು ಮಾತನಾಡಿಸಿ ಗುರುತು ಹಾಕಿಕೊಳ್ಳುವುದು ಡಾಲ್ ಅವರ ಕ್ರಮ.

ಆದರೆ ಆ ಪ್ರಶ್ನೆಗಳು ಹುಟ್ಟಿದ್ದು ಅಮೆರಿಕದ ಮನೆಗಳಲ್ಲಿ. ಫೋರ್ಕಿನಿಂದ ತಿನ್ನುತ್ತದೆಯೇ? ಸಾಂತಾಕ್ಲಾಸ್ ನಿಜವಲ್ಲವೆಂದು ತಿಳಿದಿದೆಯೇ? ಕೈಯಿಂದ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ತಿನ್ನುವ ಮಗುವಿನ ಬೆರಳುಗಳ ಚಾತುರ್ಯಕ್ಕೆ ಅಲ್ಲಿ ಅಂಕವಿರಲಿಲ್ಲ. ಡಾಲ್ ಅವರಿಗೆ ಈ ತೊಡಕಿನ ಅರಿವಿತ್ತು ಎನ್ನಲು ಸಾಕ್ಷಿ ಅವರ ಅಂಕಪದ್ಧತಿಯಲ್ಲೇ ಇದೆ. ಮಗುವಿಗೆ ಬರುವುದು, ಬಾರದಿರುವುದು ಎಂಬ ಗುರುತುಗಳ ಜೊತೆಗೆ, ಮಾಡುವ ಅವಕಾಶವೇ ಸಿಕ್ಕಿಲ್ಲ ಎಂಬುದಕ್ಕೂ ಅವರು ಒಂದು ಗುರುತು ಇಟ್ಟಿದ್ದರು. ಇಡೀ ಮಾಪನದಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು ಇದೇ.

ಬಿನೆ ಪರೀಕ್ಷೆಯನ್ನು ವಿ. ವಿ. ಕಾಮತರು 1930ರ ದಶಕದಲ್ಲೇ ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದ್ದರು. ಡಾಲ್ ಅವರ ವೈನ್‌ಲ್ಯಾಂಡ್ ಮಾಪನವನ್ನು ನಾಗಪುರದಲ್ಲಿ ಎ. ಜೆ. ಮಾಲಿನ್ 15 ವರ್ಷದವರೆಗಿನ 89 ಅಂಶಗಳಿಗೆ ಇಳಿಸಿ ಭಾರತೀಯ ರೂಪ ಕೊಟ್ಟರು. ಮೈಸೂರಿನ ಜೆ. ಭಾರತ್ ರಾಜ್ 1992ರಲ್ಲಿ ಅದನ್ನು ಮತ್ತೆ ಪರಿಷ್ಕರಿಸಿದರು. ಮದ್ರಾಸಿನಲ್ಲಿ 1970ರ ದಶಕದಲ್ಲಿ ರೂಪುಗೊಂಡ ಎಂ.ಡಿ.ಪಿ.ಎಸ್. (ಮದ್ರಾಸ್ ಡೆವಲಪ್‌ಮೆಂಟಲ್ ಪ್ರೋಗ್ರಾಮಿಂಗ್ ಸಿಸ್ಟಮ್) ಎಂಬ ಮಾಪನ ಬೇರೆ ದಾರಿ ಹಿಡಿಯಿತು. 18 ಕ್ಷೇತ್ರಗಳ ಅದರ 360 ಅಂಶಗಳು ಮಗುವಿಗೆ ಮುಂದೆ ಏನು ಕಲಿಸಬೇಕೆಂದು ಶಿಕ್ಷಕರಿಗೆ ತೋರಿಸುತ್ತವೆ. ನಮ್ಮ ವಿಶೇಷ ಶಾಲೆಗಳಿಗೆ ಹೆಚ್ಚು ಉಪಕಾರವಾದದ್ದು ಇಂಥ ಪಟ್ಟಿಯಿಂದಲೇ ಎಂದು ನನ್ನ ಅಭಿಪ್ರಾಯ.

ಪರಕೀಯ ಮಾನದಂಡದ ತೊಡಕು ಬಡ ದೇಶಗಳದ್ದಷ್ಟೇ ಅಲ್ಲ. 1992ರಲ್ಲಿ ಬಾಸ್ಟನ್‌ನಲ್ಲಿ ಸಿದ್ಧವಾದ ‘ಪೆಡಿ’ ಮಾಪನವು ಮಗು ಏನು ಮಾಡಬಲ್ಲದು, ಪೋಷಕರು ಎಷ್ಟು ನೆರವಾಗುತ್ತಾರೆ ಎಂಬೆರಡನ್ನೂ ಬೇರೆಬೇರೆಯಾಗಿ ದಾಖಲಿಸುತ್ತದೆ. ಇಷ್ಟು ಎಚ್ಚರದಿಂದ ರೂಪಿಸಿದ ಮಾಪನವನ್ನು ನಾರ್ವೆಯಲ್ಲಿ ಬಳಸಿದಾಗಲೂ ಅಮೆರಿಕದ ವಯೋಮಾನದಂಡಗಳು ಅಲ್ಲಿನ ಮಕ್ಕಳಿಗೆ ಸರಿಹೊಂದಲಿಲ್ಲ. ಮಗುವಿನ ಸುತ್ತಲಿನ ಬದುಕೂ ಮುಖ್ಯ ಎಂಬ ಈ ನೋಟಕ್ಕೆ ಅನುಗುಣವಾಗಿ, 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ, ಅಂಗವೈಕಲ್ಯವನ್ನು ವಿವರಿಸುವ ಐ.ಸಿ.ಎಫ್. ವರ್ಗೀಕರಣವು ಪರಿಸರವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. 2007ರಲ್ಲಿ ಅದರ ಮಕ್ಕಳ ಆವೃತ್ತಿ ಬಂತು.

ಭಾರತದಲ್ಲಿ ಈ ಅಂಕಗಳ ಮೇಲೆ ಮಗುವಿನ ಸವಲತ್ತುಗಳು ನಿಂತಿವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಹಲವು ಸೌಲಭ್ಯಗಳಿಗೆ ಕನಿಷ್ಠ ಶೇ. 40ರಷ್ಟು ಅಂಗವೈಕಲ್ಯದ ಪ್ರಮಾಣಪತ್ರ ಬೇಕು. ಆದ್ದರಿಂದ ಮಾಪನ ಮಾಡುವವರಲ್ಲಿ ನನ್ನ ವಿನಂತಿ ಇಷ್ಟೇ: ‘ಬರುವುದಿಲ್ಲ’ ಎಂದು ಗುರುತು ಹಾಕುವ ಮೊದಲು, ಆ ಕೆಲಸ ಮಾಡಲು ಮಗುವಿಗೆ ಮನೆಯಲ್ಲಿ ಎಂದಾದರೂ ಬಿಟ್ಟಿದ್ದಾರೆಯೇ ಎಂದು ತಾಯಿಯನ್ನು ಕೇಳಿ, ಉತ್ತರವನ್ನು ವರದಿಯಲ್ಲಿ ಬರೆಯಿರಿ.